ಅಮ್ಮನ ಫೈಲ್ ಎಲ್ಲಿದೆ?

ಅಜ್ಜಿಗೆ ಲಕ್ವ ಹೊಡೆದು ಮಲಗಿದಾಗ ನಾನಿನ್ನೂ ಒಂಬತ್ತನೇ ಕ್ಲಾಸು. ನಮ್ಮ ಫ್ಯಾಮಿಲಿ ಡಾಕ್ಟ್ರು ರಾತ್ರಿ ಕ್ಲಿನಿಕ್ ಮುಚ್ಚಿ ಸ್ಕೂಟರಿನಲ್ಲಿ ಮನೆಗೆ ಬರೋರು. ಅಜ್ಜಿಯ ಬಿಪಿ ನೋಡಿ, ಅದೇ ಪಟ್ಟಿಯನ್ನು ಅಮ್ಮನ ತೋಳಿಗೆ ಸುತ್ತೋರು.

"ರಾತ್ರಿ ನಿದ್ದೆ ಮಾಡಿದ್ರೇನಮ್ಮಾ?"

"ನಂಗೇನಾಗಿದೆ ಡಾಕ್ಟ್ರೇ, ಅತ್ತೇನ ನೋಡಿ."

ಒಂದಿನ ಅಪ್ಪನನ್ನು ಕರೆದು, "ವಾರಕ್ಕೆ ಎರಡು ರಾತ್ರಿ ನಿಮ್ಮ ತಾಯಿ ಪಕ್ಕ ನೀವು ಮಲಗಬೇಕು. ಚೀಟೀಲಿ ಬರೆದುಕೊಡ್ಲಾ?" ಅಂದರು. ಅಪ್ಪ ಮರುಮಾತಾಡದೆ ಚಾಪೆ ಹಾಸಿದರು.

ಈಗ ಅಪ್ಪನಿಗೇ ಪಾರ್ಕಿನ್ಸನ್. ಮೂರು ಜನ ಸ್ಪೆಷಲಿಸ್ಟುಗಳು, ದಪ್ಪನೆಯ ಫೈಲು. ಅದರಲ್ಲೆಲ್ಲೂ ಅಮ್ಮ ಇಲ್ಲ. ಆ ಹಳೇ ಡಾಕ್ಟರ ಪ್ರಶ್ನೆಯನ್ನು ಬೇರೆ ಯಾರಾದರೂ ಕೇಳಿದ್ದರಾ ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಎಂಬ ಊರು.

ಅಲ್ಲಿನ ವೈದ್ಯ ಜೋಸೆಫ್ ಶೆಲ್ಡನ್ ವೃದ್ಧರ ಸ್ಥಿತಿ ತಿಳಿಯಲು ಆಸ್ಪತ್ರೆಯ ವಾರ್ಡು ಬಿಟ್ಟು ಮನೆಗಳನ್ನು ಹೊಕ್ಕ. ಮುದುಕರ ಕಾಯಿಲೆಯನ್ನು ನಿಜಕ್ಕೂ ಹೊತ್ತಿರುವುದು ಆಸ್ಪತ್ರೆಯಲ್ಲ, ಹೆಂಡತಿ ಮತ್ತು ಹೆಣ್ಣುಮಕ್ಕಳು. ಆ ಹೊರೆಗೆ ಅವರೇ ಬಸವಳಿಯುತ್ತಿದ್ದಾರೆ ಎಂದು ಕಂಡುಕೊಂಡ. ಅವನ ಪುಸ್ತಕ ಬಂದಿದ್ದು 1948ರಲ್ಲಿ. ಅದೇ ವರ್ಷ ಜುಲೈ 5ರಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಗಿ, ಬಡವರಿಗೂ ದುಡ್ಡಿಲ್ಲದೆ ಫ್ಯಾಮಿಲಿ ಡಾಕ್ಟರು ಸಿಗುವಂತಾಯಿತು.

ಆದರೆ ಆರೈಕೆ ಮಾಡುವವರಿಗೆ ಆಗಲೂ ಲೆಕ್ಕದಲ್ಲಿ ಜಾಗವಿರಲಿಲ್ಲ. ಮೇರಿ ವೆಬ್‌ಸ್ಟರ್ ಎಂಬ ಮಹಿಳೆ ತಂದೆತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟವಳು. 1963ರಲ್ಲಿ ಪತ್ರಿಕೆಗೆ ಪತ್ರ ಬರೆದಳು. 'ನಂದೂ ಇದೇ ಕಥೆ' ಅನ್ನುವ ಹೆಂಗಸರು ಜೊತೆಯಾದರು. 1965ರಲ್ಲಿ ಸಂಘ ಕಟ್ಟಿದರು. ಆರೈಕೆ ಮಾಡುವವರ ಶಕ್ತಿ ಎಷ್ಟಿದೆ ಅಂತಲೂ ಪರಿಶೀಲಿಸಿ ಎಂದು ಕೇಳುವ ಹಕ್ಕು ಅಲ್ಲಿ ಕಾನೂನಾಗಿದ್ದು 1995ರಲ್ಲಿ. ಮೂವತ್ತು ವರ್ಷ!

ಈ ಮಧ್ಯೆ, 1980ರಲ್ಲಿ, ಅಮೆರಿಕದ ಸ್ಟೀವನ್ ಜಾರಿಟ್ ಮತ್ತು ಸಂಗಡಿಗರು ಈ ಹೊರೆಯನ್ನು ಅಳೆಯುವ ಪ್ರಶ್ನಾವಳಿ ಮಾಡಿದರು. ಈಗ ಹೆಚ್ಚು ಬಳಕೆಯಲ್ಲಿರುವುದರಲ್ಲಿ 22 ಪ್ರಶ್ನೆಗಳಿವೆ, ಒಟ್ಟು ಅಂಕ 88. ನಿಮಗೇ ಅಂತ ಸಮಯ ಸಿಗುತ್ತಾ, ಆರೋಗ್ಯ ಕೆಟ್ಟಿದೆಯಾ, ಹೀಗೆ. ನಮ್ಮ ಡಾಕ್ಟ್ರು ಒಂದೇ ಪ್ರಶ್ನೆಯಲ್ಲಿ ಮುಗಿಸುತ್ತಿದ್ದದ್ದು.

ನಮ್ಮ ಪಕ್ಕದ ಕೇರಳದಲ್ಲೂ ಇಂಥದ್ದೊಂದು ದಾರಿ ತೆರೆಯಿತು. 1993ರಲ್ಲಿ ಕೋಯಿಕ್ಕೋಡಿನಲ್ಲಿ ನೋವುಶಮನದ ಕ್ಲಿನಿಕ್ ಆರಂಭವಾಯಿತು. ಮುಂದೆ ಡಾಕ್ಟರು, ನರ್ಸು, ಊರಿನ ಸ್ವಯಂಸೇವಕರು ರೋಗಿಯ ಮನೆಗೇ ಹೋಗತೊಡಗಿದರು. ಮಗ್ಗುಲು ಬದಲಿಸುವುದು, ಹುಣ್ಣು ತೊಳೆಯುವುದನ್ನು ಮನೆಯವರಿಗೆ ಕಲಿಸಿದರು. 2008ರಲ್ಲಿ ಅದು ರಾಜ್ಯದ ನೀತಿಯೇ ಆಯಿತು.

ಇಷ್ಟು ಓದಿ ಸುಮ್ಮನಿರಲಾಗಲಿಲ್ಲ. ಮನೆ ಹತ್ತಿರದ ಕ್ಲಿನಿಕ್ಕಿಗೆ ಅಮ್ಮನನ್ನು ಕರೆದುಕೊಂಡು ಹೋದೆ. "ನಂಗ್ಯಾಕೋ ಡಾಕ್ಟ್ರು? ಅಪ್ಪನ್ನ ಬಿಟ್ಟು ಬಂದಿದೀವಿ" ಅಂತ ದಾರಿಯುದ್ದಕ್ಕೂ ಗೊಣಗಿದರು. ಬಿಪಿ 170 ಇತ್ತು.

ಈಗ ಅಮ್ಮನದೂ ಒಂದು ಫೈಲಿದೆ. ಬುಧವಾರ, ಶನಿವಾರ ರಾತ್ರಿ ಅಪ್ಪನ ಕೋಣೆಯಲ್ಲಿ ಚಾಪೆ ನನ್ನದು.