ನಿಲಸ್ಕಲ್: ಸೂರ್ಯನಿಗಾಗಿ ನೆಟ್ಟ ಕಲ್ಲುಗಳು

ನಮ್ಮ ಕಾಟಿಪಳ್ಳದಲ್ಲಿ ಕಲ್ಲು ಅಂದ್ರೆ ಮನೆ ಕಟ್ಟುವ ಕೆಂಪು ಮುರಕಲ್ಲು, ಇಲ್ಲಾಂದ್ರೆ ಜಾಗದ ಗಡಿಕಲ್ಲು. ಒಮ್ಮೆ ಘಟ್ಟ ಹತ್ತಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನ ನಿಲಸ್ಕಲ್‌ಗೆ ಹೋಗಿ ನೋಡಿ. ಊರಿಗೆ ಹೆಸರು ಬಂದದ್ದೇ ನಿಲ್ಲಿಸಿದ ಕಲ್ಲುಗಳಿಂದ. ಉಳಿಯ ಏಟು ಬೀಳದ ಚಪ್ಪಟೆ ಬಂಡೆಗಳು. ಶಾಸನ ಇಲ್ಲ, ರಾಜನ ಹೆಸರಿಲ್ಲ. ಬೃಹತ್ ಶಿಲಾ ಸಂಸ್ಕೃತಿಯ ಜನ ನೆಟ್ಟದ್ದು.

ಸೆಲ್ಫಿ ತೆಗೆದು ಹೊರಡಬೇಡಿ ಮಾರಾಯ್ರೆ! ಶ್ರೀಕುಮಾರ್ ಮೆನನ್ ಮತ್ತು ಸಂಗಡಿಗರು ಅಳೆದು ನೋಡಿದಾಗ ಗೊತ್ತಾದದ್ದು ಇದು: ಕೆಲವು ಜೋಡಿಕಲ್ಲುಗಳನ್ನು ಒಂದೇ ಗೆರೆಗೆ ಹಿಡಿದು ನೋಡಿದ್ರೆ, ಜೂನ್ 21, ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ಹುಟ್ಟುವ, ಮುಳುಗುವ ಜಾಗ ಸಿಗ್ತದೆ. ಒಂದು ಕಲ್ಲು ಕಿತ್ತರೆ ಆ ಗೆರೆಯೇ ಹೋಯ್ತು, ಉಳಿದದ್ದು ಬರೀ ಬಂಡೆ.

ಹೋಗುವುದಾದ್ರೆ ಡಿಸೆಂಬರಲ್ಲಿ ಹೋಗಿ. ಜೂನಲ್ಲಿ ಆ ಮಳೆಗೆ ಸೂರ್ಯ ಎಲ್ಲಿ ಕಾಣ್ತಾನೆ?