ಸ್ವಹಸ್ತಲಿಖಿತವೂ ಪ್ರಮಾಣವೂ: ಮಿತಾಕ್ಷರೆಯಿಂದ ಇಂದಿನ ನ್ಯಾಯಾಲಯದವರೆಗೆ

ಕೃಷ್ಣಾ ತುಂಗಭದ್ರೆಯರ ನಡುವಣ ಎಡೆದೊರೆನಾಡು ಕಲ್ಯಾಣ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದ ಪ್ರದೇಶ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ರಚಿಸಿದನು. ಆಸ್ತಿ ಹಂಚಿಕೆಯ ವಿಚಾರಕ್ಕಾಗಿ ಈ ಗ್ರಂಥ ಪ್ರಸಿದ್ಧ. ಅದರ ಲೇಖ್ಯಪ್ರಕರಣವೂ ಅಷ್ಟೇ ಮನನೀಯ.

ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳನ್ನು ಸ್ಮೃತಿ ಹೇಳುತ್ತದೆ. ತನ್ನ ಕೈಯಿಂದಲೇ ಬರೆದ ಪತ್ರಕ್ಕೆ ಸಾಕ್ಷಿಗಳಿಲ್ಲದಿದ್ದರೂ ಮಾನ್ಯತೆ ಉಂಟು. ಬಲಾತ್ಕಾರದಿಂದಲೋ ವಂಚನೆಯಿಂದಲೋ ಬರೆಸಿಕೊಂಡದ್ದಕ್ಕೆ ಮಾತ್ರ ಇಲ್ಲ. ಪತ್ರದ ಬಗೆಗೆ ಸಂದೇಹ ಬಂದರೆ ಅದೇ ವ್ಯಕ್ತಿಯ ಬೇರೆ ಬರೆಹದೊಡನೆ ಹೋಲಿಸಬೇಕು. ಆ ದೇಶಕಾಲಗಳಲ್ಲಿ ಆ ವ್ಯವಹಾರ ಸಂಭವವೇ, ಅದಕ್ಕೆ ಸಾಕ್ಷಿಗಳುಂಟೇ, ಅಸಾಧಾರಣವಾದ ಚಿಹ್ನೆ ಇದೆಯೇ, ಇಬ್ಬರ ನಡುವೆ ಹಿಂದೆಯೂ ಕೊಡುಕೊಳ್ಳುವಿಕೆ ಇತ್ತೇ, ಆ ಸೊತ್ತು ಕೈಸೇರುವ ಮಾರ್ಗ ಯಾವುದು ಎಂದು ಪರಿಶೀಲಿಸಬೇಕು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಕ್ರಮ ಅಪರಿಚಿತವಲ್ಲ. ಮಾನ್ವಿಯ ಜಗನ್ನಾಥದಾಸರಿಗೆ 'ಜಗನ್ನಾಥವಿಠಲ', ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರಿಗೆ 'ಗೋಪಾಲವಿಠಲ' ಅಂಕಿತ. ಆದರೆ ಅಂಕಿತವು ಚಿಹ್ನೆ ಮಾತ್ರ. ಅದೊಂದರಿಂದಲೇ ಕರ್ತೃತ್ವ ಸಿದ್ಧಿಸದು. ಹಸ್ತಪ್ರತಿ ಎಲ್ಲಿಂದ ಬಂದಿತು, ಭಾಷೆ ಆ ಕಾಲಕ್ಕೆ ಹೊಂದುವುದೇ, ಇತರ ಪ್ರತಿಗಳ ಪಾಠವೇನು ಎಂದು ಗ್ರಂಥಸಂಪಾದಕನೂ ಕೇಳುತ್ತಾನೆ.

ರಾಯಚೂರು 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದುವಾಗಿದ್ದುದರಿಂದ ಆ ಕಾಲದ ಜಮೀನಿನ ಕಾಗದ ಇಂದಿನ ವಾರಸುದಾರನಿಗೆ ಓದಲು ಬಾರದ ಲಿಪಿಯಲ್ಲಿರಬಹುದು. ವಕೀಲರನ್ನು ನೇಮಿಸಿಕೊಳ್ಳಲಾರದ ಪಕ್ಷಗಾರನು ತನ್ನ ಮೊಕದ್ದಮೆಯನ್ನು ತಾನೇ ನಡೆಸಲು ಕಾನೂನು ಅವಕಾಶ ಕೊಟ್ಟಿದೆ. ಆದರೆ ಪತ್ರವನ್ನು ರುಜುವಾತುಪಡಿಸುವ ಹೊಣೆಯಿಂದ ಅವನಿಗೆ ವಿನಾಯಿತಿಯಿಲ್ಲ. 1872ರ ಸಾಕ್ಷ್ಯ ಅಧಿನಿಯಮದಲ್ಲಿದ್ದ ಮುಖ್ಯ ಮಾರ್ಗಗಳು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿವೆ. ಕೈಬರೆಹವನ್ನು ಬಲ್ಲವರು ಸಾಕ್ಷ್ಯ ನುಡಿಯಬಹುದು; ಒಪ್ಪಿತವಾದ ಬರೆಹದೊಡನೆ ಹೋಲಿಕೆ ಮಾಡಬಹುದು. ಮೂವತ್ತು ವರ್ಷ ಹಳೆಯ ಪತ್ರವು ಯೋಗ್ಯವಾದ ವಶದಿಂದ ಬಂದಿದ್ದರೆ ಅದರ ಸಹಿಯನ್ನು ನ್ಯಾಯಾಲಯ ನಿಜವೆಂದು ಭಾವಿಸಬಹುದು. ಒಳಗಿನ ಸಂಗತಿಯೆಲ್ಲ ನಿಜವೆಂಬ ಭಾವನೆ ಇದರಿಂದ ಬರುವುದಿಲ್ಲ. ಆದ್ದರಿಂದ ಕಾಗದ ಯಾರ ಪೆಟ್ಟಿಗೆಯಲ್ಲಿತ್ತು, ಯಾರಿಂದ ಯಾರಿಗೆ ಬಂದಿತು ಎಂಬುದೂ ಸಾಕ್ಷ್ಯದ ಭಾಗವೇ.

ಮೊಬೈಲಿನ ಸಂದೇಶ, ಧ್ವನಿಮುದ್ರಣಗಳ ಪ್ರತಿಯನ್ನು ಹಾಜರುಪಡಿಸುವಾಗ 63(4)ನೆಯ ಪ್ರಕರಣದ ಪ್ರಮಾಣಪತ್ರ ಬೇಕು. ಅದರ ಒಂದು ಭಾಗವನ್ನು ಪಕ್ಷಗಾರನೂ ಇನ್ನೊಂದನ್ನು ತಜ್ಞನೂ ತುಂಬಬೇಕು. ಮೂಲ ಸಾಧನವನ್ನೇ ತಂದು, ಅದು ತನ್ನದೆಂದೂ ತಾನೇ ಬಳಸುತ್ತಿದ್ದೆನೆಂದೂ ಮಾಲೀಕನು ಸಾಕ್ಷಿಕಟ್ಟೆಯಲ್ಲಿ ನುಡಿದರೆ ಪ್ರಮಾಣಪತ್ರದ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಹಳೆಯ ಅಧಿನಿಯಮದಡಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ (2020) ಹೇಳಿತ್ತು. ಸ್ವಹಸ್ತದ ತತ್ತ್ವವನ್ನು ನೆನಪಿಸುವ ಮಾತಿದು.

ಸತ್ಯವಿದ್ದೂ ಅದನ್ನು ಸಾಧಿಸುವ ಕ್ರಮವನ್ನರಿಯದೆ ಹೊಲ ಕಳೆದುಕೊಳ್ಳುವವನಿಗೆ ಶಾಸ್ತ್ರದ ಶ್ರೇಷ್ಠತೆಯಿಂದ ಪ್ರಯೋಜನವೇನು? ಹಳೆಯ ಬರೆಹಗಳನ್ನು ಓದಬಲ್ಲ ನಮ್ಮ ಸಂಶೋಧಕರು ಮನೆಯ ಪೆಟ್ಟಿಗೆಯಲ್ಲಿರುವ ಕಾಗದಗಳನ್ನೂ ಓದಿಕೊಟ್ಟರೆ, ಅವುಗಳ ಆಗಮವನ್ನು ದಾಖಲಿಸಿಟ್ಟರೆ, ಅದು ವಿದ್ವತ್ತಿನ ಸಾರ್ಥಕ ವಿನಿಯೋಗವಾದೀತು.