ಲಿಂಗನಮಕ್ಕಿಯಿಂದ ಶಕ್ತಿನಗರಕ್ಕೆ: ಕಲ್ಲಿದ್ದಲ ಅವಲಂಬನೆಯ ಮಲೆನಾಡ ಪೂರ್ವಾರ್ಧ

ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಯಿಲ್ಲ. ಆದರೂ ರಾಯಚೂರು, ಬಳ್ಳಾರಿ, ಯರಮರಸ್ ಉಷ್ಣ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯ 5,020 ಮೆಗಾವಾಟ್. ಈ ಅವಲಂಬನೆಯ ಚರಿತ್ರೆಯನ್ನು 1985ರಿಂದ, ಶಕ್ತಿನಗರದಲ್ಲಿ ರಾಯಚೂರು ಸ್ಥಾವರದ ಮೊದಲ ಘಟಕ ಶುರುವಾದಲ್ಲಿಂದ, ಹೇಳುವುದು ರೂಢಿ. ನನ್ನ ಪ್ರಕಾರ ಅದರ ಪೂರ್ವಾರ್ಧವಿರುವುದು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರವನ್ನು ಹಾದು ಸಾಗರದ ಜೋಗದಲ್ಲಿ ಧುಮುಕುತ್ತದೆ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯ ನೀರಿನಿಂದ 1940ರ ದಶಕದ ಕೊನೆಗೆ ಜೋಗದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಅದೇ 139.2 ಮೆಗಾವಾಟ್‌ನ ಇಂದಿನ ಮಹಾತ್ಮ ಗಾಂಧಿ ವಿದ್ಯುದಾಗಾರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದಾಗ ಆ ಹಳೆಯ ಅಣೆಕಟ್ಟೆಯೇ ನೀರಿನಡಿ ಸೇರಿತು. ಕಡುಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಅದರ ಕಲ್ಲುಗೋಡೆ, ಸೈಫನ್‌ಗಳು ಇಂದಿಗೂ ಮೇಲೆ ಕಾಣಿಸಿಕೊಳ್ಳುತ್ತವೆ.

ಅಣೆಕಟ್ಟೆಯೊಂದಿಗೆ ಅಡಿಕೆ ತೋಟ, ಗದ್ದೆ, ಸೊಪ್ಪಿನ ಬೆಟ್ಟಗಳೂ ಮುಳುಗಿದವು. ಸಂತ್ರಸ್ತರಲ್ಲಿ ಅನೇಕರಿಗೆ ಕೊಟ್ಟದ್ದು ಅರಣ್ಯ ಭೂಮಿ. ಅದರ ಹಕ್ಕುಪತ್ರದ ತಕರಾರು ಮೊಮ್ಮಕ್ಕಳ ಕಾಲಕ್ಕೂ ಬಗೆಹರಿದಿಲ್ಲ. ಹಿನ್ನೀರಿನಾಚೆ ಉಳಿದ ಸಾಗರದ ಕರೂರು, ಬಾರಂಗಿ ಹೋಬಳಿಗಳ ಜನ ತಾಲ್ಲೂಕು ಕೇಂದ್ರಕ್ಕೆ ಬರಲು ದಶಕಗಟ್ಟಲೆ ಲಾಂಚ್ ಕಾದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಲಿಂಗನಮಕ್ಕಿಯ ನಂತರ ಹೊಸನಗರದಲ್ಲಿ ಚಕ್ರಾ, ಸಾವೆಹಕ್ಕಲು, ವಾರಾಹಿಯ ಮಾಣಿ ಅಣೆಕಟ್ಟೆಗಳೂ ಬಂದವು.

ಇಷ್ಟೆಲ್ಲ ತೆತ್ತು ಪಡೆದ ವ್ಯವಸ್ಥೆಗೆ ಒಂದು ಮೂಲಭೂತ ದೌರ್ಬಲ್ಯವಿತ್ತು: ಅದು ಒಂದೇ ಮಳೆಗಾಲವನ್ನು ನಂಬಿತ್ತು. ಲಿಂಗನಮಕ್ಕಿಯ ನೀರು ತಲಕಳಲೆ ಜಲಾಶಯಕ್ಕೆ ಹರಿದು, ಅಲ್ಲಿಂದ ಕೊಳವೆಗಳಲ್ಲಿ ಕಣಿವೆಗಿಳಿದು 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರವನ್ನು ನಡೆಸುತ್ತದೆ. ಪುನರ್ವಸು, ಪುಷ್ಯ ಮಳೆಗಳು ಕೈಕೊಟ್ಟರೆ ಬೇಸಿಗೆಯಲ್ಲಿ ರಾಜ್ಯಕ್ಕೆಲ್ಲ ಲೋಡ್ ಶೆಡ್ಡಿಂಗ್. ಈ ಕೊರತೆಯೇ ಸರ್ಕಾರವನ್ನು ಕಲ್ಲಿದ್ದಲ ಕಡೆಗೆ ತಿರುಗಿಸಿತು. ಸಿಂಗರೇಣಿಯಂಥ ಹೊರರಾಜ್ಯದ ಗಣಿಗಳಿಂದ ರೈಲುಗಳಲ್ಲಿ ಕಲ್ಲಿದ್ದಲು ಬರತೊಡಗಿತು.

ಆದರೆ ಶರಾವತಿಗೆ ಇದರಿಂದ ವಿಶ್ರಾಂತಿ ಸಿಗಲಿಲ್ಲ. ತಣ್ಣಗಾದ ಕಲ್ಲಿದ್ದಲ ಘಟಕವನ್ನು ಮತ್ತೆ ಚಾಲೂ ಮಾಡಲು ಗಂಟೆಗಳೇ ಬೇಕು, ಜಲವಿದ್ಯುತ್ತಿಗೆ ಕೆಲವೇ ನಿಮಿಷ ಸಾಕು. ಹಾಗಾಗಿ ಸಂಜೆಯ ಏರು ಬೇಡಿಕೆ ಇಂದಿಗೂ ಈ ನದಿಯ ಪಾಲಿಗೇ ಬರುತ್ತದೆ. 2023ರಲ್ಲಿ ಮುಂಗಾರು ಸೋತಾಗ ಕೊರತೆ ಎಷ್ಟು ತೀವ್ರವಾಯಿತೆಂದರೆ, ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ಖಾಸಗಿ ಉತ್ಪಾದಕರ ವಿದ್ಯುತ್ತನ್ನು ರಾಜ್ಯಕ್ಕೇ ಕೊಡಿಸಬೇಕಾಯಿತು. ಕಲ್ಲಿದ್ದಲು ಬಂದು 4 ದಶಕ ಕಳೆಯುತ್ತ ಬಂದರೂ ಮಳೆಯ ಮೇಲಿನ ಭಾರ ಇಳಿದಿರಲಿಲ್ಲ.

ಈಗ ಚರ್ಚೆಯಲ್ಲಿರುವುದು ನದಿಯ ಕೆಳಭಾಗದ ಗೇರುಸೊಪ್ಪೆ ಜಲಾಶಯದ ನೀರನ್ನು ತಲಕಳಲೆಗೆ ಎತ್ತಿ, ಬೇಡಿಕೆ ಏರಿದಾಗ ಮತ್ತೆ ಇಳಿಸಿ ವಿದ್ಯುತ್ ಪಡೆಯುವ 2,000 ಮೆಗಾವಾಟ್‌ನ ಭೂಗತ ಜಲವಿದ್ಯುತ್ ಯೋಜನೆ. ಇಳಿಯುವ ನೀರು ಕೊಡುವುದಕ್ಕಿಂತ ಹೆಚ್ಚು ವಿದ್ಯುತ್ತು ಅದನ್ನು ಮೇಲೆತ್ತಲು ಖರ್ಚಾಗುತ್ತದೆ. ಹಗಲಿನ ಸೌರಶಕ್ತಿ ಆ ಕೆಲಸ ಮಾಡಿದರೆ ಲೆಕ್ಕ ಬೇರೆ. ರಾತ್ರಿಯ ಕಲ್ಲಿದ್ದಲೇ ಮಾಡುವುದಾದರೆ, ಶರಾವತಿ ಕಣಿವೆಯ ಕಾಡು ಕಡಿದು ಉಳಿಸಿಕೊಳ್ಳುವುದು ರಾಯಚೂರಿನ ಹೊಗೆಯನ್ನೇ.